ಮೂರು ಗೇಟಿಗೆ ದಾರ

ಬೆಳಗಿನ ಐದೂವರೆ. ಹೊಲದ ಗೇಟಿನ ಮುಂದೆ ಹೆಂಗಸೊಬ್ಬರು ಮೊಣಕಾಲೂರಿ, ಟಾರ್ಚ್ ಹಿಡಿದು, ಮೂಗು ನೆಲಕ್ಕೆ ತಾಗುವಷ್ಟು ಬಗ್ಗಿ ಏನನ್ನೋ ನೋಡುತ್ತಿದ್ದಾರೆ. ಪಾಪ, ಉಂಗುರ ಕಳೆದುಕೊಂಡಿದ್ದಾರೇನೋ ಅಂದುಕೊಳ್ಳಬೇಡಿ. ನೋಡುತ್ತಿರುವುದು ಒಂದು ಕಪ್ಪು ಹೊಲಿಗೆ ದಾರವನ್ನು. ಹಿಂದಿನ ಸಂಜೆ ಮನೆಗೆ ಹೊರಡುವ ಮುಂಚೆ ಎರಡು ಕಂಬಗಳ ನಡುವೆ, ಪಾದದ ಎತ್ತರಕ್ಕೆ, ತಾವೇ ಕಟ್ಟಿ ಹೋದದ್ದು. ಹರಿದಿಲ್ಲ.

"ಯಾರೂ ಬಂದಿಲ್ಲ," ಅನ್ನುತ್ತಾರೆ. ಮೊಣಕಾಲಿನ ಮಣ್ಣು ಕೊಡವುತ್ತಾ ಸೇರಿಸುತ್ತಾರೆ: "ಇಲ್ಲಾ, ದಾರ ನೋಡ್ಕೊಂಡೇ ದಾಟಿದ್ದಾರೆ."

ಆಮೇಲೆ ನೀರಿನ ನಲ್ಲಿಯ ಸರದಿ. ತಿರುಪಿನ ಮೇಲೊಂದು, ಕೊಳವೆಯ ಮೇಲೊಂದು ಸೀಮೆಸುಣ್ಣದ ಗೆರೆ. ಎರಡೂ ಕೂಡಿದ್ದರೆ ನೀರಿಗೆ ಯಾರೂ ಕೈಹಾಕಿಲ್ಲ ಅಂತ ಅರ್ಥ. ಈ ಹೊಲಕ್ಕೆ ಗೇಟು ನಾಲ್ಕು, ದಾರ ಇರುವುದು ಮೂರಕ್ಕೆ ಮಾತ್ರ. ನಾಲ್ಕನೆಯದಕ್ಕೆ ಯಾಕಿಲ್ಲ ಅಂತ ಕೇಳಿದರೆ ಹುಬ್ಬು ಗಂಟಿಕ್ಕುತ್ತಾರೆ. "ಯಾವ ಕಡೆಯಿಂದ ಒಳಗೆ ಬರಬಹುದು ಅಂತ ತಿಳ್ಕೊಳ್ಳೋಕೆ ಬಂದಿದ್ದೀರಾ?"

ಇವರು ಗುಮಾನಿ ಅಕ್ಕ. ಈ ಪರದೇಶದ ವಾರದ ಮಾರುಕಟ್ಟೆಯಲ್ಲಿ ತರಕಾರಿ ಕೊಳ್ಳಲು ಬರುವ ಅವರದೇ ಭಾಷೆಯ ಜನ ಇಟ್ಟ ಹೆಸರು. ಎದುರಿಗೆ ಬರೀ 'ಅಕ್ಕ', ಬೆನ್ನ ಹಿಂದೆ ಪೂರ್ತಿ ಹೆಸರು. "ಯಾರ್ಯಾರು ಹಾಗಂತಾರೆ ಅನ್ನೋದೂ ಗೊತ್ತು ನಂಗೆ," ಅನ್ನುತ್ತಾರೆ ಅಕ್ಕ. ಪತ್ರಿಕೆಯಿಂದ ಬಂದವರನ್ನೂ ಅವರು ಸುಮ್ಮನೆ ಬಿಟ್ಟುಕೊಂಡಿಲ್ಲ. ಗುರುತಿನ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ, ಫೋಟೋಗೂ ಮುಖಕ್ಕೂ ತಾಳೆ ಹಾಕಿ, "ಇದನ್ನ ಬರೆದು ನಿಮಗೇನು ಸಿಗುತ್ತೆ?" ಅಂತ ಎರಡೆರಡು ಸಲ ಕೇಳಿದ ಮೇಲೆಯೇ ಬಾಯಿ ಬಿಟ್ಟದ್ದು.

ನಲವತ್ತೆಂಟರ ಅಕ್ಕ ಯಜಮಾನರ ಜೊತೆ ಇಲ್ಲಿಗೆ ಬಂದು ಆರು ವರ್ಷ. ಈಗ ಗುತ್ತಿಗೆಗೆ ಸಿಕ್ಕಿರುವುದು ಎರಡು ಎಕರೆ: ಟೊಮೆಟೊ, ಹುರುಳಿಕಾಯಿ, ಒಂದಿಷ್ಟು ಸೊಪ್ಪು. ನಾಲ್ಕಕ್ಕೆ ಏಳುವುದು, ಮೊದಲ ಬಸ್ಸು, ಹನ್ನೊಂದರವರೆಗೆ ಹೊಲ, ಆಮೇಲೆ ಸಂಜೆಯವರೆಗೆ ಬೇರೆಯವರ ಗಾಜಿನ ಮನೆಯಲ್ಲಿ ಸೌತೆಕಾಯಿ ಕೀಳುವ ಕೂಲಿ. ಕೊನೆಗೆ ದಾರ ಕಟ್ಟಲು ಮತ್ತೆ ಇಲ್ಲಿಗೆ. ಬೀಜ ತಂದರೆ ಹಾಗೇ ಬಿತ್ತುವ ಪೈಕಿ ಅಲ್ಲ ಅವರು. ನೂರು ಬೀಜ ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಒಲೆಯ ಪಕ್ಕ ಇಟ್ಟು, ಐದನೇ ದಿನ ಬಿಚ್ಚಿ ಮೊಳಕೆ ಎಣಿಸುತ್ತಾರೆ. "ತೊಂಬತ್ತು ಹುಟ್ಟುತ್ತೆ ಅಂತ ಅಂಗಡಿಯವನು ಹೇಳ್ತಾನೆ. ಹೇಳೋಕೇನು, ಬಾಯಿ ಅವನದು."

ಈ ಬುದ್ಧಿ ಹುಟ್ಟಿನಿಂದ ಬಂದದ್ದಲ್ಲ. ಸ್ವಂತ ಊರಿನಲ್ಲಿ ಒಮ್ಮೆ ನಂಬಿ ತಂದ ಬೀಜ ಒಂದೂ ಮೊಳೆಯದೆ ಇಡೀ ಬೆಳೆಗಾಲ ಮಣ್ಣುಪಾಲಾಗಿತ್ತು. ಆಮೇಲೆ ಇಲ್ಲಿಗೆ ಕರೆತಂದ ಏಜೆಂಟ್ 'ಹೊಲದ ಪಕ್ಕದಲ್ಲೇ ಮನೆ' ಅಂದಿದ್ದ. ಇಳಿದು ನೋಡಿದರೆ ಒಂದು ಕೋಣೆಗೆ ಒಂಬತ್ತು ಜನ, ಹೊಲ ಎಂಟು ಮೈಲಿ ಆಚೆ. "ಅವತ್ತೇ ತೀರ್ಮಾನ ಮಾಡ್ದೆ. ಇನ್ನು ಯಾರು ನಕ್ಕರೂ ಯಾಕೆ ನಕ್ಕರು ಅಂತ ಕೇಳ್ಬೇಕು."

ನಗುನಗುತ್ತಾ ಮಾತಾಡಿಸಿದವರು ಪಕ್ಕದ ಹೊಲದ ಅಜ್ಜಿ. ಈ ನೆಲದವರೇ, ಒಂಟಿ ಜೀವ. ಅದು ಅಕ್ಕ ಇಲ್ಲಿಗೆ ಬಂದ ಮೊದಲ ವರ್ಷದ ಮಾತು. ಹೊರಗಿನಿಂದ ಬಂದವರಿಗೆ ಇಲ್ಲಿನ ಕಚೇರಿ ಮೊದಲು ಕೊಡುವುದು ಹನ್ನೆರಡು ಸಾಲಿನ ಪರೀಕ್ಷೆಯ ತುಂಡು. ತಪಾಸಣೆಯ ದಿನ ಅದರ ಮೂರನೇ ಒಂದು ಭಾಗದಲ್ಲಾದರೂ ಪೈರು ನಿಂತಿರಬೇಕು. ಇದ್ದರೆ ದೊಡ್ಡ ಗುತ್ತಿಗೆ, ಇಲ್ಲಿರಲು ಪರವಾನಗಿ. ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಅಕ್ಕನಿಗೆ ಸಿಕ್ಕ ತುಂಡು ಹಿಂದೆ ಅಜ್ಜಿ ಉಳುತ್ತಿದ್ದದ್ದೇ, ಕೈಲಾಗದೆ ಬಿಟ್ಟದ್ದು. ನಾಲ್ಕು ದಿನ ಚುರುಕು ಬಿಸಿಲು ಬಂದಿದ್ದೇ ತಡ, ಅಕ್ಕ ಸಸಿಯ ತಟ್ಟೆಗಳನ್ನು ಹೊತ್ತುತಂದರು. ಬೇಲಿಯಾಚೆಯಿಂದ ಅಜ್ಜಿ ಕೈ ಆಡಿಸಿದರು. "ಈಗಲೇ ನೆಡಬೇಡ ಮಗಳೇ, ಚಳಿ ಇನ್ನೂ ಹೋಗಿಲ್ಲ."

ಅಕ್ಕನ ಲೆಕ್ಕವೇ ಬೇರೆ. "ಬಿಸಿಲು ಬೆನ್ನು ಸುಡ್ತಾ ಇದೆ, ಇವರು ಚಳಿ ಅಂತಾರಲ್ಲ! ನನ್ನ ತುಂಡು ಖಾಲಿ ಇರ್ಲಿ, ತಪಾಸಣೇಲಿ ನಾನು ಬೀಳ್ಲಿ, ಜಾಗ ಮತ್ತೆ ತಮಗೇ ಬರ್ಲಿ, ಅದಕ್ಕೇ ಈ ಉಪದೇಶ ಅಂದ್ಕೊಂಡೆ." ಅಜ್ಜಿ ನೋಡುತ್ತಿದ್ದಂತೆಯೇ, ಬೇಕಂತಲೇ, ಹನ್ನೆರಡೂ ಸಾಲು ನೆಟ್ಟರು. ಸಾಲಿಗೆ ಮೂವತ್ತು ಟೊಮೆಟೊ ಸಸಿ.

ಬೆಚ್ಚಗಿನ ಸೀಮೆಯಿಂದ ಬಂದವರಷ್ಟೇ ಮಾಡುವ ತಪ್ಪು ಇದು. ಬಿಸಿಲು ಬಂದರೆ ಬೇಸಿಗೆ ಬಂತು ಅಂತಲೇ ಅವರ ಮೈ ನಂಬುತ್ತದೆ. ಮೂರನೇ ದಿನದ ಬೆಳಿಗ್ಗೆ ಬಸ್ಸಿಳಿದಾಗ ರಾತ್ರಿ ಬಿದ್ದ ಹಿಮಕ್ಕೆ ಹುಲ್ಲೆಲ್ಲ ಬೆಳ್ಳಗಾಗಿತ್ತು. ಏಳು ಸಾಲು ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಮಲಗಿತ್ತು. ಆದರೆ ಉಳಿದ ಐದು ಸಾಲಿನ ಮೇಲೆ ಯಾರದೋ ಸಂಸಾರವೇ ಹರಡಿತ್ತು: ಹಾಸಿಗೆ ಹೊದಿಕೆ, ಕಿಟಕಿ ಪರದೆ, ಮೇಜಿನ ಬಟ್ಟೆ. ಬಟ್ಟೆ ಮುಗಿದಲ್ಲಿಂದ ಒಂದೊಂದು ಸಸಿಯ ಮೇಲೂ ಒಂದೊಂದು ಬೋರಲು ಪಾತ್ರೆ. ಬೋಗುಣಿ, ಬಕೆಟ್ಟು, ಗಾಜಿನ ಜಾಡಿ, ಐದನೇ ಸಾಲಿನ ತುದಿಗೆ ಚಹಾದ ಕಪ್ಪುಗಳು. ಕಟ್ಟಕಡೆಯ ಸಸಿಯ ಮೇಲೆ ಅಜ್ಜಿ ದಿನಾ ಹಾಕುವ ಹಳೇ ಟೋಪಿ.

ಯಾರಾದರೂ ಅಲ್ಲೇ ಕೈ ಮುಗಿಯುತ್ತಿದ್ದರು. ಅಕ್ಕ ಮಾತ್ರ ಫೋನು ಹೊರತೆಗೆದರು. "ಅಜ್ಜಿ ಮನೆ ಸಾಮಾನೆಲ್ಲ ನನ್ನ ಹೊಲದಲ್ಲಿ! ನಾಳೆ ಕಳ್ಳಿ ಅಂತ ದೂರು ಕೊಟ್ರೆ? ಹತ್ತು ದಿನಕ್ಕೆ ತಪಾಸಣೆ. ಇದೇ ಕುತಂತ್ರ ಅಂದ್ಕೊಂಡೆ. ಅಲ್ಲಾ, ಒಳ್ಳೇ ಮನಸ್ಸಿಂದ ಮಾಡೋರು ಐದೇ ಸಾಲಿಗೆ ಯಾಕೆ ನಿಲ್ಲಿಸ್ತಾರೆ ಹೇಳಿ?" ಒಂದೊಂದು ಪಾತ್ರೆಯ ಫೋಟೋ ಹೊಡೆದರು. ಯಜಮಾನರಿಗೆ ಫೋನು ಮಾಡಿ ಸಾಕ್ಷಿಗೆಂದು ಕರೆಸಿಕೊಂಡರು. ಎಲ್ಲ ತೊಳೆದು, ಮಡಚಿ, ಕೈಗಾಡಿಗೆ ಹೇರಿ, ಜಗಳಕ್ಕೆ ಸಿದ್ಧರಾಗಿಯೇ ಅಜ್ಜಿಯ ಬಾಗಿಲು ತಟ್ಟಿದರು.

ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಕಿಟಕಿಗಳು ಬೋಳು. ಮಂಚದ ಮೇಲೆ ಬರೀ ಹಾಸಿಗೆ. ಮೇಲಂಗಿ ತೊಟ್ಟುಕೊಂಡೇ ಒಲೆಯ ಮುಂದೆ ಮುದುಡಿ ಕೂತ ಅಜ್ಜಿ ಸೌಟಿನಲ್ಲಿ ಚಹಾ ಕುಡಿಯುತ್ತಿದ್ದರು.

"ಐದೇ ಸಾಲು ಯಾಕೆ ಅಂತ ಬಾಯಿಗೆ ಬಂದಿತ್ತು, ಕೇಳಿಯೇಬಿಟ್ಟೆ," ಅನ್ನುತ್ತಾರೆ ಅಕ್ಕ. ಹೇಳುವಾಗ ಕೈ ಸುಮ್ಮನೆ ಮಣ್ಣು ಪುಡಿ ಮಾಡುತ್ತಿದೆ. "ಅಜ್ಜಿ ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿದ್ರು. ಮನೇಲಿ ಇನ್ನೇನೂ ಇರಲಿಲ್ಲ ಮಗಳೇ, ಅಂದ್ರು."

ನಾಚಿಕೆಯಿಂದ ನೆಲಕ್ಕಿಳಿದುಹೋದೆ ಅನ್ನುತ್ತಾರೆ. ತಪಾಸಣೆಗೆ ಬೇಕಿದ್ದದ್ದು ನಾಲ್ಕು ಸಾಲು, ನಿಂತಿದ್ದದ್ದು ಐದು. ಅಧಿಕಾರಿ ಎಣಿಸಿಕೊಂಡು ಸಹಿ ಹಾಕಿದರು. ಆ ಸಹಿ ನಿಜವೋ ಅಲ್ಲವೋ ಅಂತ ಅಕ್ಕ ಮಾರನೇ ದಿನ ಕಚೇರಿಗೆ ಹೋಗಿ ವಿಚಾರಿಸಿದ್ದೂ ಉಂಟು. ಯಜಮಾನರು ಇವತ್ತಿಗೂ ಅದನ್ನು ಹೇಳಿಕೊಂಡು ನಗುತ್ತಾರೆ.

ಈ ವರ್ಷದ ಸಸಿಗಳು ಇನ್ನೂ ತಟ್ಟೆಯಲ್ಲೇ ಇವೆ. ಬಿಸಿಲು ಚೆನ್ನಾಗಿಯೇ ಇದೆ, ಆದರೆ ಅಜ್ಜಿ 'ಹ್ಞೂಂ' ಅಂದಿಲ್ಲ. ಹಾಗಾದರೆ ಅಕ್ಕನ ಗುಮಾನಿ ಬಿಟ್ಟಿತೇ? ಎಲ್ಲಿಯ ಮಾತು! ಬೀಜ ಈಗಲೂ ಒದ್ದೆ ಬಟ್ಟೆಯಲ್ಲಿ ಪರೀಕ್ಷೆಗೆ ಕೂರುತ್ತದೆ, ನಲ್ಲಿಯ ಮೇಲೆ ಗೆರೆ ಬೀಳುತ್ತದೆ. ಹೊರಡುವಾಗ ಪತ್ರಿಕೆಯವರು ಇನ್ನೊಮ್ಮೆ ನಾಲ್ಕನೇ ಗೇಟಿನ ಮಾತು ತೆಗೆಯುತ್ತಾರೆ. ಅಕ್ಕ ಸುತ್ತಮುತ್ತ ನೋಡಿ, ದನಿ ತಗ್ಗಿಸುತ್ತಾರೆ.

"ಅಜ್ಜಿ ದಿನಾ ಅಲ್ಲಿಂದಲೇ ಬರ್ತಾರೆ. ಕಣ್ಣು ಮಂಜು, ದಾರ ಕಾಣಲ್ಲ. ಎಡವಿ ಬಿದ್ರೆ?" ಅನ್ನುತ್ತಾರೆ. ನಾಲ್ಕು ಹೆಜ್ಜೆ ಹೋದವರು ತಿರುಗಿ ಬಂದು ಬೆರಳು ತೋರಿಸುತ್ತಾರೆ. "ಬರೀರಿ, ಬೇಡ ಅನ್ನಲ್ಲ. ಯಾವ ಗೇಟು ಅಂತ ಮಾತ್ರ ಬರೀಬೇಡಿ."