ನನ್ನ ಹೊಟ್ಟೆಗೆ ಯಾರ ಸಹಿ?

‘ಹಸ್ಬೆಂಡ್ ಎಲ್ಲಿ ಮೇಡಂ?’

ಕೊಚ್ಚಿಯ ಒಂದು ಖಾಸಗಿ ಆಸ್ಪತ್ರೆಯ ಕೌಂಟರಿನಲ್ಲಿ ನನಗೆ ಎದುರಾದ ಪ್ರಶ್ನೆ ಇದು. ಗರ್ಭಕೋಶದಲ್ಲಿ ಗಡ್ಡೆ. ನಿಲ್ಲದ ರಕ್ತಸ್ರಾವ. ಎರಡು ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ. ಇನ್ನು ತಡ ಮಾಡಬೇಡಿ ಎಂದು ಡಾಕ್ಟರ್ ಹೇಳಿದ್ದರಿಂದ ಬ್ಯಾಗು ಹಿಡಿದು ಆಪರೇಷನ್ನಿಗೆ ಅಡ್ಮಿಟ್ ಆಗಲು ಬಂದಿದ್ದೆ.

‘ಹಡಗಿನಲ್ಲಿದ್ದಾರೆ’ ಎಂದೆ. (ನನ್ನ ಗಂಡ ಸರಕು ಹಡಗಿನ ಇಂಜಿನಿಯರ್. ಇಲ್ಲಿನ ಬಂದರು ವಿಲ್ಲಿಂಗ್ಡನ್ ಐಲ್ಯಾಂಡ್ ದಾಟಿದ ಮೇಲೆ ಸಿಗ್ನಲ್ ಸಿಕ್ಕಾಗಷ್ಟೇ ಸಂಸಾರಸ್ಥ.)

‘ಅವರ ಸಹಿ ಬೇಕಲ್ಲ. ಮಾವ ಇದ್ದಾರಾ? ಅಣ್ಣ? ಯಾರಾದರೂ ಜೆಂಟ್ಸ್?’

ಐಟಿ ಪಾರ್ಕಿನಲ್ಲಿ ನಾನೊಂದು ತಂಡ ನಡೆಸುತ್ತೇನೆ. ನನ್ನ ಒಪ್ಪಿಗೆ ಇಲ್ಲದೆ ಅಲ್ಲಿಂದ ಒಂದು ಲ್ಯಾಪ್‌ಟಾಪ್ ಹೊರಗೆ ಹೋಗುವುದಿಲ್ಲ. ಇಲ್ಲಿ ನನ್ನದೇ ಹೊಟ್ಟೆಗೆ ನನ್ನ ಒಪ್ಪಿಗೆ ಸಾಲದು. ಪುತ್ತೂರಿನಲ್ಲಿರುವ ಮಾವನವರಿಗೆ ಫೋನ್ ಮಾಡಿ ಏನೆಂದು ಕೇಳಲಿ? ನನ್ನ ಗರ್ಭಕೋಶದ ಬಗ್ಗೆ ತಮ್ಮ ಅಭಿಪ್ರಾಯವೇನು ಎಂದೇ?

ಮ್ಯಾನೇಜರ್ ಬಂದರು. ‘ನಾಳೆ ಮಕ್ಕಳಾಗಲಿಲ್ಲ ಅಂತ ಗಂಡ ಬಂದು ಜಗಳ ಮಾಡಿದರೆ? ಅದಕ್ಕೇ ಈ ರೂಲ್.’

ಬಂದ ದಾರಿಯಲ್ಲೇ ಕಲೂರಿನ ಮನೆಗೆ ವಾಪಸಾದೆ. ಆಟೋದಲ್ಲಿ ಅತ್ತುಬಿಟ್ಟೆ. ನೋವಿಗಲ್ಲ, ಸಿಟ್ಟಿಗೆ.

ಗೇಟಿನಲ್ಲಿ ಸುಜಾತ ಚೇಚಿ (ಎಂದರೆ ಸುಜಾತಕ್ಕ) ಸಿಕ್ಕರು. ಪಕ್ಕದ ಕಟ್ಟಡದವರು, ನಮ್ಮ ವಾರ್ಡಿನ ಕೌನ್ಸಿಲರ್. ಮಹಿಳಾ ಮೀಸಲಾತಿಯಲ್ಲಿ ಗೆದ್ದವರು. ‘ಎಂದಾ ಮೋಳೆ, ಏನು ಮಗಳೇ, ಇಷ್ಟು ಬೇಗ ಬಂದೆ?’ ಎಂದರು. ಎಲ್ಲ ಹೇಳಿದೆ. ಅವರು ಅಲ್ಲೇ ಫೋನ್ ತೆಗೆದು ಸರ್ಕಾರಿ ಆಸ್ಪತ್ರೆಗೆ ಕರೆ ಮಾಡಿದರು.

ಮರುದಿನ ನಾನು ಸರ್ಕಾರಿ ಆಸ್ಪತ್ರೆಯಲ್ಲಿದ್ದೆ. ಅಲ್ಲಿನ ಡಾಕ್ಟರ್ ಎಲ್ಲವನ್ನೂ ಬಿಡಿಸಿ ಹೇಳಿ, ‘ಅರ್ಥವಾಯಿತಾ? ನಿಮಗೆ ಒಪ್ಪಿಗೆಯಾ?’ ಎಂದು ನನ್ನನ್ನೇ ಕೇಳಿದರು. ನಾನೇ ಸಹಿ ಹಾಕಿದೆ. ಎಚ್ಚರವಾದಾಗ ಗಡ್ಡೆ ಹೋಗಿತ್ತು. ಮಗಳು ಕೈ ಹಿಡಿದುಕೊಂಡು, ‘ಅಮ್ಮೇ, ವೇದನ ಉಂಡೋ?’ ಎಂದಳು. (ಕನ್ನಡದಲ್ಲಿ ಬೈದರೂ ಮಲಯಾಳದಲ್ಲೇ ಉತ್ತರಿಸುವ ಮಗು.) ‘ಸ್ವಲ್ಪ ನೋವಿದೆ’ ಎಂದೆ.

ಕತೆ ಅಲ್ಲಿಗೇ ಮುಗಿಯಿತು ಎಂದುಕೊಂಡಿದ್ದೆ. ಚೇಚಿ ಬಿಡಲಿಲ್ಲ.

‘ನಿನಗೆ ನಾನು ಸಿಕ್ಕಿದೆ. ನಾಳೆ ಆ ಕೌಂಟರಿಗೆ ಗಂಡ ಬಿಟ್ಟುಹೋದವಳು ಬರುತ್ತಾಳೆ, ಮದುವೆಯೇ ಬೇಡ ಎಂದವಳು ಬರುತ್ತಾಳೆ. ಅವಳು ಯಾರನ್ನು ಕರಕೊಂಡು ಬರಬೇಕು ಮೋಳೆ?’

ಆ ಆಸ್ಪತ್ರೆಯ ಮೇಲೆ ಆರೋಗ್ಯ ಇಲಾಖೆಯ ಸಮಿತಿಗೆ ದೂರು ಕೊಟ್ಟೆವು.

ಕಳೆದ ವಾರ ತಿರುವನಂತಪುರದಲ್ಲಿ ವಿಚಾರಣೆ. ರೈಲಿನುದ್ದಕ್ಕೂ ನನಗೆ ಒಂದೇ ಚಿಂತೆ: ಅಷ್ಟು ಜನರ ಮುಂದೆ ರಕ್ತಸ್ರಾವ, ಗರ್ಭಕೋಶ ಎಂದೆಲ್ಲ ಹೇಗೆ ಹೇಳುವುದು? ಒಳಗೆ ಹೋದರೆ ಅಧ್ಯಕ್ಷರ ಕುರ್ಚಿಯಲ್ಲಿ ಆರೋಗ್ಯ ಇಲಾಖೆಯ ಹಿರಿಯ ಅಧಿಕಾರಿಣಿ. ಅಕ್ಕಪಕ್ಕದಲ್ಲಿ ಇನ್ನಿಬ್ಬರು ಮಹಿಳೆಯರು. ನಾನು ಹೇಳಿದೆ, ಅವರು ಕೇಳಿದರು. ಯಾರೂ ಗಂಟಲು ಸರಿಮಾಡಿಕೊಳ್ಳಲಿಲ್ಲ, ಫೈಲಿನಲ್ಲಿ ಮುಖ ಹುದುಗಿಸಲಿಲ್ಲ.

ಅಧಿಕಾರಿಣಿ ಆಸ್ಪತ್ರೆಯ ಮ್ಯಾನೇಜರ್ ಕಡೆ ತಿರುಗಿದರು.

‘ರೋಗಿಗೆ ಪ್ರಜ್ಞೆ ಇತ್ತಾ?’

‘ಇತ್ತು ಮೇಡಂ.’

‘ವಯಸ್ಕರು ತಾನೆ?’

‘ಹೌದು ಮೇಡಂ.’

‘ಮತ್ತೆ ನೀವು ಯಾರನ್ನು ಹುಡುಕುತ್ತಿದ್ದಿರಿ?’

ಮ್ಯಾನೇಜರ್ ‘ರೂಲ್...’ ಎಂದು ಶುರುಮಾಡಿದರು. ‘ಯಾವ ಕಾನೂನಿನಲ್ಲಿದೆ, ತೋರಿಸಿ’ ಎಂದರು ಅಧಿಕಾರಿಣಿ. ಇರಲಿಲ್ಲ. ಇದ್ದರೆ ತಾನೆ ತೋರಿಸುವುದು?

ಅಲ್ಲೇ ಆದೇಶವಾಯಿತು. ಆ ರೂಲ್ ರದ್ದು. ವಯಸ್ಕ ಹೆಂಗಸಿನ ಚಿಕಿತ್ಸೆಗೆ ಅವಳದೇ ಸಹಿ ಸಾಕು ಎಂದು ಕೌಂಟರಿನಲ್ಲೇ ಮಲಯಾಳ, ಇಂಗ್ಲಿಷ್ ಎರಡರಲ್ಲೂ ಬೋರ್ಡು ಹಾಕಬೇಕು. ಮ್ಯಾನೇಜರ್ ಕ್ಷಮೆ ಕೇಳಿದರು. ಹೊರಗೆ ಬಂದವಳು ಚೇಚಿಯನ್ನು ಅಪ್ಪಿಕೊಂಡೆ. ನಡುರಸ್ತೆಯಲ್ಲಿ ಇಬ್ಬರೂ ನಕ್ಕೆವು.

‘ಮೀಸಲಾತಿಯಲ್ಲಿ ಬಂದ ಹೆಂಗಸರು ಏನು ಮಾಡಿಯಾರು?’ ಎಂದು ಮೂಗೆಳೆಯುವವರು ಇನ್ನೂ ಇದ್ದಾರೆ. ಇಗೋ, ಇದನ್ನು ಮಾಡುತ್ತಾರೆ. ಇಂಥವರನ್ನು ಇನ್ನಷ್ಟು ಕುರ್ಚಿಗಳಲ್ಲಿ ಕೂರಿಸಲು ನಾವೀಗ ಯಾರ ಅಪ್ಪಣೆಗೆ ಕಾಯುತ್ತಿದ್ದೇವೆ?