ಗುಟ್ಟಾಗಿಟ್ಟ ಮಳೆ

೧೯೪೫ರ ಡಿಸೆಂಬರ್. ಹೊಸೂರಿನ ತಾಲ್ಲೂಕು ಕಚೇರಿಯ ಹಿತ್ತಲಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹವೆಯ ಲೆಕ್ಕ ಬರೆಯುವ ಮುನಿಶಾಮಪ್ಪ ಕಂಬಳಿ ಹೊದ್ದು ಬಿಳಿ ಮರದ ಪೆಟ್ಟಿಗೆಯ ಬಾಗಿಲು ತೆರೆದು, ಉಸಿರು ತಾಗದಂತೆ ಮುಖ ಓರೆ ಮಾಡಿ, ಎರಡು ಉಷ್ಣಮಾಪಕಗಳನ್ನು ನೋಡುತ್ತಾರೆ. ಊರವರು ಇದನ್ನು ಪಾರಿವಾಳದ ಗೂಡು ಎನ್ನುತ್ತಾರೆ. ಹನ್ನೊಂದು ವರ್ಷದಿಂದ ದಿನಕ್ಕೆರಡು ಸಲ ಈ ಖಾಲಿ ಗೂಡಿಗೆ ಇಣುಕುವ ಇವರನ್ನು ಕಂಡು ನಗದವರಿಲ್ಲ. ಪತ್ರಿಕೆಗೆ ಬರೆಯುವ ನಾನೂ ನಕ್ಕವನೇ. ಇವತ್ತು ಅವರೇ ತೋರಿಸಿ ಹೇಳುತ್ತಾರೆ.

"ಒಂದು ಬರೀ ಗಾಜು, ಇನ್ನೊಂದರ ತುದೀಗೆ ಒದ್ದೆ ಬಟ್ಟೆ ಸುತ್ತೈತೆ. ಎಲ್ಡೂ ಒಂದೇ ಲೆಕ್ಕ ತೋರ್ಸುದ್ರೆ ಗಾಳೀಲಿ ನೀರು ತುಂಬೈತೆ ಅಂತ."

ನಮ್ಮ ರೈತರ ಲೆಕ್ಕ ಬೇರೆ. ಚಳಿ ಬಿದ್ದು ಆಕಾಶ ತಿಳಿಯಾದರೆ ಮಳೆಗಾಲ ಮುಗಿಯಿತೆಂದು ರಾಗಿ ಕೊಯ್ದು ಹೊಲದಲ್ಲೇ ಒಣಗಲು ಹರವುತ್ತಾರೆ. ಬಹಳ ವರ್ಷ ಅದು ಸರಿಯೇ. ಆದರೆ ಪಂಜಾಬಿನ ಮೇಲೆ ಹಾಯುವ ಶೀತದ ಅಲೆ ಒಮ್ಮೊಮ್ಮೆ ದಕ್ಷಿಣಕ್ಕೆ ಚಾಚಿ, ಬಂಗಾಳ ಕೊಲ್ಲಿಯ ಬಿರುಗಾಳಿಯ ದಾರಿಯನ್ನೇ ನಮ್ಮತ್ತ ತಿರುಗಿಸುತ್ತದೆ. ಕೊಲ್ಲಿಯ ಹಸಿ ಗಾಳಿಯೂ ಸುಮ್ಮನಿರುವುದಿಲ್ಲ. ಉತ್ತರಕ್ಕೇರಿ ಅಲ್ಲಿನ ಗೋಧಿಯ ಮೇಲೆ ಮಳೆ ಸುರಿಸುತ್ತದೆ.

"ಅಲ್ಲಿನ ಚಳಿ, ಇಲ್ಲಿನ ಕಡಲು, ಬೀಗರಿದ್ದಂಗೆ ಸ್ವಾಮಿ. ಒಬ್ರ ಮನೇಲಿ ಜಗಳ ಆದ್ರೆ ಇನ್ನೊಬ್ರ ಮನೇಲಿ ಒಲೆ ಉರಿಯಾಕಿಲ್ಲ."

ಎರಡು ವರ್ಷದ ಹಿಂದೆ ಹಾಗೇ ಆಯಿತು. ಮೂರು ದಿನ ಚಳಿ ಕಂಡು ಪಕ್ಕದ ಹಳ್ಳಿ ಅವಲಪಲ್ಲಿಯವರೆಲ್ಲ ರಾಗಿ ಕೊಯ್ದರು. ನಾಲ್ಕನೆಯ ಬೆಳಗ್ಗೆ ಗಾಳಿ ತಿರುಗಿ ಮೂಡಲ ಕಡಲ ಕಡೆಯಿಂದ ಬೀಸುತ್ತಿತ್ತು, ಎರಡೂ ಮಾಪಕ ಒಂದೇ ಗೆರೆಯಲ್ಲಿದ್ದವು. ಮುನಿಶಾಮಪ್ಪ ಮದರಾಸಿಗೆ ಗುಟ್ಟಿನ ಅಂಕಿಗಳ ತಂತಿ ಕೊಟ್ಟು ಬಾಯಿ ಹೊಲಿದುಕೊಂಡರು. ಯುದ್ಧಕಾಲ, ಹವೆಯ ಸುದ್ದಿ ಹೊರಗೆ ಬಿಟ್ಟವರಿಗೆ ಜೈಲು. ಅವರ ಅಕ್ಕ ರಾಮಲಕ್ಷ್ಮಮ್ಮನ ರಾಗಿಯೂ ಹೊಲದಲ್ಲೇ ಇತ್ತು.

ಎರಡು ದಿನದಲ್ಲಿ ಬಿದ್ದದ್ದು ಐದು ಇಂಚು ನಲವತ್ತು ಸೆಂಟು ಮಳೆ; ಸೆಂಟೆಂದರೆ ಇಂಚಿನ ನೂರನೇ ಪಾಲು. ಅಳೆದವರೂ ಇವರೇ. ತೆನೆ ಮೊಳೆಯಿತು, ಉಳಿದದ್ದು ಬೂಷ್ಟು ಹಿಡಿಯಿತು. ಅದೇ ರಾಗಿಯ ಮುದ್ದೆ ತಿಂದ ಬೇಸಿಗೆಯಲ್ಲಿ ಅಕ್ಕನ ಕಿರಿಮಗಳು ಭೇದಿ ಹತ್ತಿ ತೀರಿಕೊಂಡಳು.

"ಮಣ್ಣು ಮಾಡಿದ ದಿನ ನಾನೇ ಹೇಳ್ಬುಟ್ಟೆ, ಮಳೆ ಬತ್ತದೆ ಅಂತ ನಂಗೆ ಗೊತ್ತಿತ್ತು ಕಣಕ್ಕ ಅಂತ. ಅವತ್ತಿಂದ ಮಾತಿಲ್ಲ."

ಕಾನೂನು ಪಾಲಿಸಿದವನಿಗೆ ಇಂಥ ಶಿಕ್ಷೆಯೂ ಉಂಟೇ?

ಇವತ್ತು ಮತ್ತೆ ಮೂರು ದಿನದ ಚಳಿ ಮುರಿದಿದೆ. ಮಾಪಕಗಳ ನಡುವೆ ಅರ್ಧ ಡಿಗ್ರಿಯೂ ಅಂತರವಿಲ್ಲ. ಯುದ್ಧ ಮುಗಿದಿದೆ, ಬಾಯಿಗೆ ಬೀಗವಿಲ್ಲ. ತಂತಿ ಕೊಟ್ಟವರೇ ಅವಲಪಲ್ಲಿಯತ್ತ ದಾಪುಗಾಲು ಹಾಕುತ್ತಾರೆ. ಹಿಂದೆ ಏದುಸಿರು ಬಿಡುತ್ತ ನಾನು. ಬದುವಿನ ಮೇಲೆ ನಿಂತು ಕೂಗುತ್ತಾರೆ.

"ಅಕ್ಕಾ, ನಾಳೆ ಮಳೆ ಬತ್ತದೆ! ಇವತ್ತೇ ಮೆದೆ ಹಾಕ್ಬುಡು!"

ರಾಮಲಕ್ಷ್ಮಮ್ಮ ತಲೆಯೆತ್ತುವುದಿಲ್ಲ. ಕುಡುಗೋಲು ಸೊಂಟಕ್ಕೆ ಸಿಕ್ಕಿಸಿ, ಹರವಿದ ರಾಗಿಯನ್ನು ಕಂತೆ ಕಟ್ಟತೊಡಗುತ್ತಾರೆ. ಹೊಲಕ್ಕಿಳಿಯಲು ಹೋದ ತಮ್ಮ ಆಕೆಯ ಬೆನ್ನು ನೋಡಿ ಬದುವಿನಲ್ಲೇ ನಿಲ್ಲುತ್ತಾರೆ.

ಹಿಂತಿರುಗುವಾಗ, ಇಷ್ಟು ವರ್ಷದ ದುಡಿಮೆಗೆ ನಿಮಗೆ ಬೇಕಾದದ್ದೇನು ಎಂದು ಕೇಳಿದೆ. ಬಡ್ತಿ ಎಂದಾರು ಅಂದುಕೊಂಡಿದ್ದೆ.

"ಒಂದ್ಸಲ ಅವ್ಳೇ ಕೇಳ್ಬೇಕು ಸ್ವಾಮಿ, 'ಮಳೆ ಬತ್ತದೇನ್ಲಾ' ಅಂತ."