ಚೆಂಡಿಗೆ ಕಾಗದ ಹೊದಿಸಿದ ದಿನ

ಮಗಳ ಎಸ್ಸೆಸ್ಸೆಲ್ಸಿ ಮುಗಿಯುವ ಮೊದಲೇ ನಾನು ಸಿರುಗುಪ್ಪದ ಅಕ್ಕನಿಗೆ ಮಾತು ಕೊಟ್ಟುಬಿಟ್ಟಿದ್ದೆ. ಅಕ್ಕನಿಗೆ ಹೆಣ್ಣುಮಕ್ಕಳಿಲ್ಲ. ಸೀರೆ ಅಂಗಡಿ ಇದೆ, ಮನೆ ಹಿಂದಿನ ಬೀದಿಯಲ್ಲೇ ಕಾಲೇಜು. ಹುಡುಗಿ ಅಲ್ಲಿದ್ದು ಕಾಮರ್ಸ್ ಓದಲಿ, ಸಂಜೆ ಗಲ್ಲಾದಲ್ಲಿ ಕೂರಲಿ ಎಂದು ನಾವಿಬ್ಬರೇ ಗೊತ್ತು ಮಾಡಿಕೊಂಡಿದ್ದೆವು. ಮಗಳಿಗೆ ಬೇಕಾಗಿದ್ದದ್ದು ಬಳ್ಳಾರಿಯಲ್ಲಿ ಸೈನ್ಸು. ಹಟ ಮಾಡಲಿಲ್ಲ, ಅಳಲೂ ಇಲ್ಲ. ಒಂದೇ ಮಾತು ಹೇಳಿದಳು: "ಮ್ಯೂಸಿಯಂದಾಗ ನಾವು ಏನ್ ಮಾಡ್ತೀವಂತ ಒಂದ್ಸಲ ಬಂದು ನೋಡಪ್ಪಾ. ಆಮೇಲೆ ನೀ ಹೆಂಗಂತೀಯೋ ಹಂಗ."

ಬೇಸಿಗೆ ರಜೆಯಲ್ಲಿ ಅವಳು ಬಳ್ಳಾರಿಯ ಒಂದು ವಿಜ್ಞಾನ ಮ್ಯೂಸಿಯಂನ ಶಿಬಿರಕ್ಕೆ ಹೋಗುತ್ತಿದ್ದಳು. ಕುರುಗೋಡಿನಿಂದ ಬೆಳಗಿನ ಬಸ್ಸಿಗೆ ನನ್ನ ಜೊತೆಗೇ ಬರುವುದು, ಅವಳು ಅಲ್ಲಿಗೆ, ನಾನು ಜೀನ್ಸ್ ಹೊಲಿಯುವ ಕಾರ್ಖಾನೆಗೆ. ನಾನಲ್ಲಿ ಕಟಿಂಗ್ ಮಾಸ್ಟರ್. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು, ದಾರ ಕತ್ತರಿಸುವ ಕೆಲಸದಿಂದ ಶುರುಮಾಡಿ ಬಟ್ಟೆ ಕತ್ತರಿಸುವ ಮೇಜಿಗೆ ಬಂದಿದ್ದೇನೆ. ಯಾರೂ ಕೈಹಿಡಿದು ಕೂರಿಸಿದ್ದಲ್ಲ.

ಶಿಬಿರದ ಕೊನೆಯ ದಿನ ತಂದೆಯೋ ತಾಯಿಯೋ ಒಬ್ಬರು ಬರಬೇಕಿತ್ತು. ಹೋದೆ. ಒಳಗೆ ಕಾಲಿಟ್ಟಾಗಿನಿಂದಲೇ ಜೀವ ಒಂದೆಡೆ ನಿಲ್ಲಲಿಲ್ಲ. ಕಾರ್ಖಾನೆಯಲ್ಲಿ ಬಟ್ಟೆ ಹಾಸಿಟ್ಟು ಬಂದಿದ್ದೆ, ಮಾಲೀಕರ ಫೋನು ಜೇಬಿನಲ್ಲಿ ಗುರ್ ಗುರ್ ಎನ್ನುತ್ತಿತ್ತು. ಒಂದು ಮೂಲೆಯಲ್ಲಿ ತಳಕ್ಕೆ ತೂತು ಹಾಕಿದ ಡಬ್ಬಿಗೆ ರಂಗೋಲಿ ಪುಡಿ ತುಂಬಿ ಹಗ್ಗದಲ್ಲಿ ತೂಗಿಬಿಟ್ಟಿದ್ದರು. ಡಬ್ಬಿ ಓಲಾಡಿದಂತೆ ನೆಲದ ಮೇಲೆ ತಾನಾಗಿ ಚಿತ್ತಾರ ಬೀಳುತ್ತಿತ್ತು. ಸುತ್ತ ನಿಂತವರೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನನಗೆ ಇದರಿಂದ ಹೊಟ್ಟೆ ತುಂಬುತ್ತದೆಯೇ ಅನ್ನಿಸಿತು. ಅದನ್ನೇ ಹೇಳಿ ಕರೆದುಕೊಂಡು ಹೋಗಿಬಿಡಬೇಕೆಂದು ಬಾಗಿಲ ಹತ್ತಿರವೇ ಸುಳಿದಾಡುತ್ತಿದ್ದೆ.

"ಸರ್, ಅಲ್ಲೇ ನಿಂತ್ರ ಹೆಂಗ್ರಿ? ಬರ್ರಿ, ಕೈ ಹಾಕ್ರಿ," ಎಂದು ಶಿಬಿರದ ಟೀಚರು ಕರೆದರು. ಮೇಜಿನ ಮೇಲೆ ಜೋಡಿಗೊಂದು ರಬ್ಬರ್ ಚೆಂಡು, ಹಾಳೆ, ಎಲೆಯಾಕಾರದ ರಟ್ಟಿನ ಅಚ್ಚು. ಅಚ್ಚಿಟ್ಟು ಗೆರೆ ಎಳೆದು, ಕತ್ತರಿಸಿ, ಎಲೆಗಳನ್ನು ಚೆಂಡಿನ ಸುತ್ತ ಪಕ್ಕಪಕ್ಕ ಅಂಟಿಸಬೇಕು. ಆಮೇಲೆ ಅದರ ಮೇಲೆ ಚಿತ್ರ ಬರೆಯಬೇಕು.

ಕತ್ತರಿ ಕಂಡದ್ದೇ ನನ್ನ ಮೈಗೆ ಸ್ವಲ್ಪ ಹುರುಪು ಬಂತು. ಮಗಳು ಏನೋ ಹೇಳಲು ಬಂದಳು. "ನೀ ಸುಮ್ಕಿರವ್ವಾ, ಕಟಿಂಗ್ ಮಾಸ್ಟರ್ ಅದೀನಿ, ಇದು ನನ್ನ ಕೆಲಸ," ಎಂದೆ. ಉಳಿದವರು ಗೆರೆ ಎಳೆಯುತ್ತಿರುವಾಗಲೇ ನನ್ನ ಎಲೆಗಳೆಲ್ಲ ತಯಾರು, ಅಂಚು ಒಂದೂ ಹರಕಿಲ್ಲ. ಅಂಟಿಸುತ್ತ ಹೋದೆ. ಕೊನೆಯ ಎಲೆಗೆ ಜಾಗವೇ ಇಲ್ಲ! ಕಿತ್ತು ಒತ್ತೊತ್ತಾಗಿ ಅಂಟಿಸಿದೆ. ಆಗಲೂ ಅಷ್ಟೇ, ಒಂದರ ಮೇಲೊಂದು ಏರಿ ಸುಕ್ಕುಗಟ್ಟಿದವು, ಒಂದು ಎಲೆ ಉಳಿದೇ ಹೋಯಿತು.

ಪಕ್ಕದ ಮೇಜಿನಲ್ಲಿದ್ದ ಒಬ್ಬ ಹುಡುಗಿಯ ತಂದೆ ನಕ್ಕ. "ಏನ್ ಮಾಸ್ಟರ್, ಚೆಂಡಿಗೆ ಸೀರಿ ಉಡಸಾಕ್ಹತ್ತೀರೇನು? ಬರೇ ನೆರಿಗಿ!"

ಅಚ್ಚನ್ನು ಎತ್ತಿ ಹಿಡಿದೆ. "ಈ ಅಚ್ಚೇ ಸರಿ ಇಲ್ರಿ," ಎಂದೆ ಟೀಚರಿಗೆ.

ಮಗಳು ನಗಲಿಲ್ಲ. ಉಳಿದಿದ್ದ ಎಲೆಯ ಮೇಲೆ ಅಚ್ಚಿಟ್ಟು ನೋಡಿದಳು. ದಾರ ತೆಗೆದುಕೊಂಡು ಚೆಂಡಿನ ನಡುವನ್ನು ಅಳೆದಳು, ಅಂಟಿಸಿದ್ದ ನನ್ನ ಎಲೆಗಳನ್ನು ಬಿಡಿಸಿ ಸಾಲಾಗಿಟ್ಟು ಅಳೆದಳು. ಆಮೇಲೆ ಮೆಲ್ಲಗೆ ಹೇಳಿದಳು: "ಅಪ್ಪಾ, ನೀ ಹೊಲಿಗಿಗೆ ಮಾರ್ಜಿನ್ ಬಿಟ್ಟೀದಿ."

ನೋಡಿದೆ. ಪ್ರತಿ ಎಲೆಯಲ್ಲೂ ಗೆರೆಯಾಚೆ ಸುತ್ತಲೂ ಬೆರಳಂಚಿನಷ್ಟು ಕಾಗದ ಬಿಟ್ಟಿದ್ದೆ. ಬಟ್ಟೆಯಾದರೆ ಅಷ್ಟೂ ಹೊಲಿಗೆಯೊಳಗೆ ಹೋಗುತ್ತದೆ. ಇಲ್ಲಿ ಹೊಲಿಗೆಯೇ ಇಲ್ಲ. ಬಿಟ್ಟಿದ್ದು ನಾನಲ್ಲ, ನನ್ನ ಕೈ.

ನಕ್ಕಿದ್ದವನ ಕಡೆ ತಿರುಗಿ ಅವಳು ಅಂದಳು: "ಇದ್ರಾಗ ಏನ್ ತಪ್ಪೈತ್ರಿ ಅಂಕಲ್? ಪ್ಯಾಂಟಿಗಾದ್ರ ಇದಾ ಸರಿ. ಒಂದೊಂದಕ್ಕೂ ಚೂರು ಹೆಚ್ಚಾದ್ರ ಸುತ್ತು ಬರೂದ್ರಾಗ ಒಂದು ಎಲಿ ಜಾಗ ತಿಂತೈತಿ, ಅಷ್ಟ." ಟೀಚರು ಅವಳನ್ನು ಎದ್ದು ನಿಲ್ಲಿಸಿ ಎಲ್ಲರಿಗೂ ಅದನ್ನೇ ವಿವರಿಸಲು ಹೇಳಿದರು. ಅವಳು ದಾರ ಹಿಡಿದು ತೋರಿಸಿದಳು. ಮನೆಯಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಚಪ್ಪಟೆ ಬಟ್ಟೆಯನ್ನು ದುಂಡನೆಯ ಮೈಗೆ ಹೊಂದಿಸುವುದೇ ನನ್ನ ಬದುಕು. ಹೇಗೆ ಹೊಂದುತ್ತದೆ ಎಂದು ನಾನು ಒಮ್ಮೆಯೂ ಕೇಳಿಕೊಂಡವನಲ್ಲ, ಅವಳು ಕೇಳಿಕೊಂಡಿದ್ದಳು.

ಹಾಸಿಟ್ಟ ಬಟ್ಟೆ ಕತ್ತರಿಸಿ ಬಂದು, ಸಂಜೆ ಬಸ್ ನಿಲ್ದಾಣದಲ್ಲಿ ಅವಳನ್ನು ಸೀಟು ಹಿಡಿಯಲು ಕಳಿಸಿ ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕಾ, ಹುಡುಗಿ ಬಳ್ಳಾರ್‍ಯಾಗ ಓದ್ತಾಳ. ನಿನ್ನ ಕಡೆ ಕಳಸಾಕ ಆಗಂಗಿಲ್ಲ."

"ಮಾತು ಕೊಡುವಾಗ ಎಲ್ಲಿಟ್ಟಿದ್ದೆಪಾ ನಿನ್ನ ಬುದ್ಧಿ? ಆಕಿಗಂತ ಕ್ವಾಣಿ ಸುಣ್ಣ ಮಾಡಿಸೀನಿ."

"ನಂದಾ ತಪ್ಪು."

"ತಪ್ಪಂತ! ದೊಡ್ಡ ಮಾಸ್ಟರ್ ಆಗ್ಯಾನ. ಇಡು ಫೋನು."

ನಾನು ಇಡುವ ಮೊದಲೇ ಅವಳೇ ಕಟ್ ಮಾಡಿದಳು. ಬಸ್ಸು ಹತ್ತಿದೆ.

"ಅತ್ತಿ ಏನಂದ್ಲು?" ಎಂದು, ನಾನು ಫೋನ್ ಮಾಡುವುದನ್ನು ಕಿಟಕಿಯಿಂದ ನೋಡುತ್ತಿದ್ದ ಮಗಳು ಕೇಳಿದಳು.

"ಬೈದ್ಲು. ನಾಳಿ ಕಾಲೇಜಿನ ಅರ್ಜಿ ತರಾಕ ಹೋಗೂಣು."

ಅವಳು ಕಿಟಕಿಯ ಕಡೆ ಸರಿದು ನನಗೆ ಜಾಗ ಮಾಡಿದಳು. ಕೂರಲಾಗಲಿಲ್ಲ. ಕಂಬಿ ಹಿಡಿದು ಕುರುಗೋಡಿನವರೆಗೂ ನಿಂತೇ ಬಂದೆ. ಬರುವ ಭಾನುವಾರ ಸಿರುಗುಪ್ಪಕ್ಕೆ ಹೋಗಿ, ಆ ಸುಣ್ಣ ಬಳಿದ ಕೋಣೆಯ ಮುಂದೆಯೇ ಕೂತು ಬೈಸಿಕೊಳ್ಳಬೇಕು. ಅಕ್ಕ ಕದ ತೆಗೆಯುತ್ತಾಳೋ ಇಲ್ಲವೋ.